ಚೀಟಿ ಅಂಟಿಸದ ಗಾಜು

ಮಾದನಹಿಪ್ಪರಗಾದ ನಮ್ಮ ಮನೆಗೆ ಆ ಬೇಸಿಗೆ ಸೂಕ್ಷ್ಮದರ್ಶಕ ತಂದವನು ನಾನು. ಆಳಂದದ ದವಾಖಾನೆಯ ಡಾಕ್ಟರು ಎರಡು ದಿನದ ಮಟ್ಟಿಗೆ ಕೊಟ್ಟಿದ್ದರು. ನಿಜಾಮನ ಕಾಲದ ಹೈದರಾಬಾದಿನ ಕಾಲೇಜಿನಲ್ಲಿ ಉರ್ದುವಿನಲ್ಲಿ ಕಲಿತದ್ದನ್ನು ಅವ್ವನಿಗೆ ಕನ್ನಡದಲ್ಲಿ ತೋರಿಸುವ ಹುಚ್ಚು ನನಗೆ.

ಚಮಚೆಯ ಹಿಡಿಯಿಂದ ಅವ್ವನ ಗಲ್ಲದ ಒಳಗೆ ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಗೆ ಸವರಿ, ನೀಲಿ ಬಣ್ಣ ಹಾಕಿದೆ. ಇನ್ನೊಂದು ಗಾಜಿಗೆ ನನ್ನದನ್ನು ಸವರಿದೆ. ಒಂದೇ ಕಣ್ಣು ಮುಚ್ಚಲು ಬಾರದೆ ಅವ್ವ ಇನ್ನೊಂದಕ್ಕೆ ಸೆರಗು ಒತ್ತಿಕೊಂಡು ಬಗ್ಗಿದಳು.

ಜೀವಕೋಶ ಒಂದು ಕೋಣೆಯಿದ್ದಂತೆ ಎಂದೆ. ನಡುವಿನ ಕಡುನೀಲಿ ಕಾಳಿನಲ್ಲಿ ತಾಯಿತಂದೆಯಿಂದ ಬಂದದ್ದೆಲ್ಲ ಇದೆ. ಸುತ್ತಲಿನ ಗೋಡೆಯಂಥ ತೆಳುಪೊರೆ ಬೇಕಾದ್ದನ್ನಷ್ಟೇ ಒಳಗೆ ಬಿಡುತ್ತದೆ.

“ಬಾಗಲಾ ಎಲ್ಲೈತಿ?”

“ಬಾಗಲಿಲ್ಲವ್ವಾ. ಗ್ವಾಡಿನೇ ಒಳಗ ಬಿಡ್ತದ.”

“ಹಂಗಾದ್ರ ಗ್ವಾಡಿ ಯಾಕಂತಿ, ಜರಡಿ ಅನ್ನು.”

ಅಷ್ಟು ಸರಿಯಾಗಿ ನನಗೆ ಯಾವ ಪ್ರೊಫೆಸರರೂ ಹೇಳಿರಲಿಲ್ಲ.

ಅಪ್ಪನ ಅಕ್ಕ, ನಮ್ಮ ಅತ್ತಿ, ಒಲೆಯ ಮುಂದಿನಿಂದಲೇ ಕೂಗಿದಳು. “ಎಂಜಲ ಗಾಜ ಒಳಗ ತರಬ್ಯಾಡಲೇ!”

“ಲಿಂಗವಂತರಿಗೆ ಎಂಜಲ ಸೂತಕಿಲ್ಲಂತ ಊರಿಗೆಲ್ಲ ಹೇಳಾವ್ರು ನೀವ ಅಲ್ಲೇನ್ರಿ ಅಕ್ಕಾ?” ಎಂದು ಅವ್ವ ನಕ್ಕಳು.

ಎರಡೂ ಗಾಜುಗಳನ್ನು ಪಡಸಾಲೆಯ ಗೋಡೆಯ ಮಾಡದಲ್ಲಿ ಒಂದರ ಮೇಲೊಂದು ಇಟ್ಟೆ. ಯಾವುದು ಯಾರದೆಂದು ಚೀಟಿ ಅಂಟಿಸಲಿಲ್ಲ. ವಿಜ್ಞಾನ ಓದಿದವನು ಮಾಡಬಾರದ ತಪ್ಪು. ಮರೆಯುವುದಿಲ್ಲವೆಂದುಕೊಂಡಿದ್ದೆ.

ಮಳೆಗಾಲದಲ್ಲಿ ಅವ್ವ ಜ್ವರದಿಂದ ಹೋದಳು. ನಾನು ಹೈದರಾಬಾದಿನಿಂದ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿದ್ದರು. ಮಾಡದಲ್ಲಿ ಒಂದು ಗಾಜು ನೀಲಿಯಾಗಿಯೇ ಇತ್ತು. ಇನ್ನೊಂದು ಬೂದಿಯಲ್ಲಿ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತಿತ್ತು.

“ಯಾವುದು ತೊಳದಿ, ಅತ್ತಿ?”

“ಮ್ಯಾಲಿಂದು. ಅಲ್ಲ, ಕೆಳಗಿಂದು. ಒಂದು ತೊಳಿಯೂದ್ರಾಗ ನಿಮ್ಮವ್ವ ಕರದ್ಳು, ಎದ್ದು ಹೋದೆ.” ಅಷ್ಟು ಹೇಳಿ ಅತ್ತಿ ಅಳತೊಡಗಿದಳು.

ಉಳಿದ ನೀಲಿ ಗಾಜನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಆಳಂದಕ್ಕೆ ಹೋದೆ. ಡಾಕ್ಟರು ಮಸೂರದ ಮುಂದೆ ಕೂರಿಸಿದರು. ಪೊರೆ ಕಂಡಿತು, ಸಣ್ಣ ಹರಳುಗಳು ಕಂಡವು, ನಡುವಿನ ಕಾಳು ಕಂಡಿತು. ಯಾರದೆಂದು ಮಾತ್ರ ಕಾಣಲಿಲ್ಲ. ಬೇಸಿಗೆಯಲ್ಲಿ ಅವ್ವನ ಕೋಶ ನೋಡಿ ಬರೆದ ಚಿತ್ರ ನೋಟುಬುಕ್ಕಿನಲ್ಲಿತ್ತು. ಹೋಲಿಸಲೆಂದು ತೆರೆದೆ. ಕಾಳಿನ ಪಕ್ಕದಲ್ಲಿ ಒಂದು ಸಣ್ಣ ಬಲೆ ಬರೆದಿದ್ದೆ. ಬೆಳ್ಳಿಯ ದ್ರಾವಣದಲ್ಲಿ ನೆನೆಸದೆ ಆ ಬಲೆ ಯಾರಿಗೂ ಕಾಣದು. ಕಂಡರೂ ಅದು ಕೋಶದ್ದೋ ದ್ರಾವಣ ಹುಟ್ಟಿಸಿದ್ದೋ ಎಂದು ಪಂಡಿತರೇ ಜಗಳಾಡುತ್ತಿದ್ದ ಕಾಲ. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಿಂದ ಕಂಡಂತೆ ಬರೆದುಬಿಟ್ಟಿದ್ದೆ.

ಹಾಗಾದರೆ ಸೆರಗು ಒತ್ತಿಕೊಂಡದ್ದು? ಜರಡಿ ಎಂದದ್ದು? ಅತ್ತಿಯ ಮಾತಿಗೆ ಅವ್ವ ನಕ್ಕದ್ದು? ಅವನ್ನೂ ಕಂಡಂತೆ ನಾನೇ ಬರೆದುಕೊಂಡೆನೇ? ಅವ್ವ ಬಗ್ಗಿ ನೋಡಿದ್ದು ನಿಜ, ಮೂಗಿನ ಬೆವರು ಸೂಕ್ಷ್ಮದರ್ಶಕದ ಹಿತ್ತಾಳೆಗೆ ಅಂಟಿತ್ತು. ಅದನ್ನು ಒರೆಸಿದ ನೆನಪಿದೆ. ಉಳಿದದ್ದಕ್ಕೆ ಸಾಕ್ಷಿ ಇಲ್ಲ.

ಗಾಜು ಇನ್ನೂ ನನ್ನ ಬಳಿ ಇದೆ. ನೀಲಿ ಮಾಸಿದೆ. ಎರಡು ಸಲ ಚೀಟಿ ಕತ್ತರಿಸಿ ಅಂಟು ಹಚ್ಚಿ ಕೂತಿದ್ದೆ. ಏನು ಬರೆಯಲಿ? ಅಂಟು ಬೆರಳಲ್ಲೇ ಒಣಗಿತು.