ನಿರ್ಣಾದ ಮಕ್ಕಳು ಬಂದ ಕೇಬಲ್

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಓದಿದ್ದು ಏಳನೆಯ ಕ್ಲಾಸಿನವರೆಗೆ. ನಾನು ಕಾನ್ವೆಂಟಿನವಳು. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಈ ಮಾತನ್ನು ಬೇರೆ ಯಾರೂ ಎತ್ತುತ್ತಿರಲಿಲ್ಲ. ನಾನೇ ಎಲ್ಲರಿಗೂ ನೆನಪಿಸುತ್ತಿದ್ದೆ, ಗಾಡ್ ಫರ್ಗಿವ್ ಮಿ.

ತೊಂಬತ್ತರ ದಶಕದ ಕೊನೆಯಲ್ಲಿ ಟೈಪಿಂಗ್ ಕ್ಲಾಸಿನವರು ಬೇಡವೆಂದ ಪುಟ್ಟ ಕಂಪ್ಯೂಟರೊಂದನ್ನು ಮನೆಗೆ ತಂದೆ. ಕಪ್ಪು ಸ್ಕ್ರೀನ್, ಹಸಿರು ಅಕ್ಷರ. ಅದನ್ನು ಹಚ್ಚಿಕೊಂಡವಳು ನೆಗೆಣ್ಣಿ. ಅವಳ ತಾಯಿ ನಿರ್ಣಾ ಎಂಬ ಹಳ್ಳಿಯಲ್ಲಿ ಸೂಲಗಿತ್ತಿ. ಅಲ್ಲಿ ಎಷ್ಟೋ ಜನಕ್ಕೆ ತಾವು ಹುಟ್ಟಿದ ದಿನ ಗೊತ್ತಿಲ್ಲ, ಆ ಮುದುಕಿಗೆ ಗೊತ್ತು. ಯಾರ ಮನೆ, ಯಾವ ಸುಗ್ಗಿ, ಹೊರಗೆ ಬಿಸಿಲೋ ಮಳೆಯೋ, ಎಲ್ಲ ಬಾಯಿಪಾಠ. ಅವರು ನಮ್ಮಲ್ಲಿಗೆ ಬಂದಾಗಲೆಲ್ಲ ಹೇಳುವುದು, ಮಗಳು ಒಂದೇ ಬೆರಳಿನಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಒತ್ತುವುದು. ಹೀಗೆ ಎರಡು ವರ್ಷ ನಡೆಯಿತು.

ಆಮೇಲೆ ಮುದುಕಿ ತೀರಿಕೊಂಡರು. ಅದರ ಹಿಂದೆಯೇ ಕಂಪ್ಯೂಟರಿನ ಫ್ಲಾಪಿ ಡ್ರೈವ್ ಕೆಟ್ಟಿತು, ಸ್ಕ್ರೀನು ದಿನದಿನಕ್ಕೆ ಮಂಕಾಯಿತು. ಪಟ್ಟಿಯೆಲ್ಲ ಒಳಗೇ ಉಳಿಯಿತು. ಮತ್ತೊಮ್ಮೆ ಕೇಳಿ ಬರೆಯೋಣವೆಂದರೆ ಕೇಳುವುದು ಯಾರನ್ನು? ಮನೆಗೆ ಬಣ್ಣದ ಹೊಸ ಕಂಪ್ಯೂಟರ್ ಬಂದಿತ್ತು. ಎರಡನ್ನೂ ಜೋಡಿಸಿದರೆ ಪಟ್ಟಿ ಈಚೆಗೆ ಬಂದೀತು ಎಂದು ನಾವಿಬ್ಬರೂ ಹುಮನಾಬಾದಿನ ಬಸ್ ಹತ್ತಿದೆವು.

ಅಲ್ಲಿನ ಕಂಪ್ಯೂಟರ್ ಅಂಗಡಿಯ ಚಾಚಾ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಗಾಜಿನ ಮೇಲೆ ಎರಡು ಸಾಮಾನು ಇಟ್ಟರು. ಒಂದು, ಎರಡು ಕಂಪ್ಯೂಟರುಗಳನ್ನು ಹಿಂದಿನಿಂದ ಜೋಡಿಸುವ ಸೀರಿಯಲ್ ಕೇಬಲ್ಲು ಮತ್ತು ಅದರ ತುದಿಗೆ ಸಿಕ್ಕಿಸುವ ಹೆಬ್ಬೆರಳು ಗಾತ್ರದ ಅಡಾಪ್ಟರ್. ಇನ್ನೊಂದು, ಚಂದದ ಡಬ್ಬಿಯಲ್ಲಿ ಈಥರ್ನೆಟ್ ಕಾರ್ಡುಗಳ ಜೋಡಿ.

ನಾನು ಡಬ್ಬಿಯ ಮೇಲಿನ ಇಂಗ್ಲಿಷನ್ನೆಲ್ಲ ಗಟ್ಟಿಯಾಗಿ ಓದಿದೆ. "ಇದೇ ಕೊಡಿ. ಹಂಡ್ರೆಡ್ ಟೈಮ್ಸ್ ಫಾಸ್ಟರ್. ಆ ಸೀರಿಯಲ್ಲು ಔಟ್‌ಡೇಟೆಡ್."

ನೆಗೆಣ್ಣಿ ನನ್ನನ್ನು ಬಿಟ್ಟು ಚಾಚಾನ ಕಡೆ ತಿರುಗಿದಳು. "ಇದನ್ನ ಹ್ಯಾಂಗ ಕೂಡಸೂದ್ರಿ ಚಾಚಾ?"

"ಕಂಪ್ಯೂಟರಿನ ಡಬ್ಬಾ ಬಿಚ್ಚಿ ಒಳಗ ಕೂಡಸಬೇಕ್ರಿ."

"ಹೊಟ್ಟಿ ಕೊಯ್ಯೂದs? ನಮ್ಮವ್ವ ಕೊಯ್ಯಲಾರದs ಊರೆಲ್ಲಾ ಹಡಿಸ್ಯಾಳ."

"ಏನು ಮಾತು ನಿಂದು!" ಎಂದೆ. "ಅದು ಮಷೀನು."

ಅವಳು ಡಬ್ಬಿಯೊಳಗೆ ಕೈಹಾಕಿ ಚೌಕನೆಯ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಎತ್ತಿದಳು. "ಮತ್ತ ಇದೇನ್ರಿ?"

"ಡ್ರೈವರ್ ಫ್ಲಾಪಿರಿ. ಮೊದಲ ಇದನ್ನ ಹಾಕಬೇಕು, ಆಮ್ಯಾಲ ಕಾರ್ಡ್ ನಡೀತದ."

"ಅಕ್ಕಾ," ಅವಳ ಕಣ್ಣುಗಳು ಮಿನುಗುತ್ತಿದ್ದವು, "ನಮ್ಮದು ಫ್ಲಾಪಿ ತಿನ್ನೂದ ಬಿಟ್ಟದ ಅಂತನs ಅಲ್ಲೇನು ನಾವು ಇಲ್ಲಿಗೆ ಬಂದದ್ದು?"

ಚಾಚಾ ಮೊದಲು ಕೆಮ್ಮಿದರು, ಆಮೇಲೆ ನಕ್ಕೇಬಿಟ್ಟರು. "ಈ ಅಕ್ಕಾರು ಖರೇ ಹೇಳಾಕತ್ತಾರ್ರಿ ಮೇಡಂ. ಸೀರಿಯಲ್ಲಿಗೆ ಬಿಚ್ಚೂದಿಲ್ಲ, ಫ್ಲಾಪಿ ಬೇಕಿಲ್ಲ. ಕಳಿಸೂ ಪ್ರೋಗ್ರಾಂ ಎರಡರಾಗೂ ಮೊದಲs ಅದ."

"ಎಷ್ಟೊತ್ತು ಹಿಡೀತದ?" ಎಂದಳು ಅವಳು.

"ಎರಡು ಕಪ್ ಚಹಾ ಕುಡಿಯೂತನಕ."

"ನಮ್ಮವ್ವ ಎರಡೆರಡು ದಿನ ಕಾದಾಳ್ರಿ. ಇದೇನು ದೊಡ್ಡದು?"

ಸೀರಿಯಲ್ ಕೇಬಲ್ಲನ್ನೇ ಕೊಂಡು ಹೊರಟೆವು. ನನ್ನ ಮುಖ ಎಷ್ಟು ಕೆಂಪಾಗಿತ್ತೋ, ಬಸ್ಸಿನಲ್ಲಿ ಅದನ್ನು ನೋಡಿ ನೋಡಿ ಅವಳು ಸೆರಗಿನಲ್ಲಿ ನಗುತ್ತಿದ್ದಳು. ಹುಡಗಿ ಗ್ರಾಮ ದಾಟುವ ಹೊತ್ತಿಗೆ ನನಗೂ ತಡೆಯಲಾಗಲಿಲ್ಲ. ಇಬ್ಬರೂ ಸೀಟಿನಲ್ಲಿ ಬಗ್ಗಿ ಬಗ್ಗಿ ನಕ್ಕೆವು. ಮನೆ ಮುಟ್ಟುತ್ತಲೇ ಅಷ್ಟು ನಗು ಎಲ್ಲಿ ಹೋಯಿತೋ.

ಮನೆಯಲ್ಲಿ ಚಾಚಾ ಬರೆದುಕೊಟ್ಟ ಚೀಟಿ ಹಿಡಿದು ಕೇಬಲ್ ಸಿಕ್ಕಿಸಿದೆವು. ಅವಳು ಹಳೆಯದರ ಮುಂದೆ, ನಾನು ಹೊಸದರ ಮುಂದೆ. ಮೊದಲ ಚಹಾ ಮುಗಿಯಿತು. ಎರಡನೆಯದಕ್ಕೆ ಕೆನೆ ಕಟ್ಟಿತು, ಕುಡಿಯುವ ಮನಸ್ಸು ಯಾರಿಗೂ ಇರಲಿಲ್ಲ. ನನ್ನ ಸ್ಕ್ರೀನಿನಲ್ಲಿ ಕೊನೆಗೂ ಫೈಲಿನ ಹೆಸರು ಮೂಡಿತು.

ತೆರೆದೆ. ಎಲ್ಲ ಇತ್ತು. ಕಡಲೆ ಕೀಳುವಾಗ ಹುಟ್ಟಿದವರು, ಗುಡುಗಿನಲ್ಲಿ ಹುಟ್ಟಿದ ಅವಳಿಗಳು, ನೆಗೆಣ್ಣಿಯ ಸ್ಪೆಲ್ಲಿಂಗುಗಳ ಸಮೇತ. ತಿದ್ದಬೇಕೆಂದು ಬೆರಳು ತುರಿಸಿತು. ತಿದ್ದಲಿಲ್ಲ.

"ನಂದು ಹುಡುಕs ಅಕ್ಕಾ," ಎಂದಳು.

ಹುಡುಕಿ, ಅವಳ ತಾಯಿ ಹೇಳಿದಂತೆಯೇ ಓದಿದೆ: "ಜ್ವಾಳ ಕೊಯ್ಯೂ ದಿನ, ನಡುಮಧ್ಯಾಹ್ನ, ನನ್ನ ಹೊಟ್ಟೀಲೆ ಹೆಣ್ಣು. ಸೂಲಗಿತ್ತೀನ ಹುಡುಕೂ ಕೆಲಸ ಇರಲಿಲ್ಲ, ನಾನs ಸೂಲಗಿತ್ತಿ ಇದ್ನೆಲ್ಲ."

"ಇನ್ನೊಮ್ಮಿ ಓದs," ಎಂದಳು. ಓದಿದೆ.