ಉ ಎಂದರೆ ಉಡುಪಿ

ನನ್ನ ಡೈರಿಯಲ್ಲಿ ಆ ಮೂರು ಶನಿವಾರಗಳ ಪುಟದಲ್ಲೂ ‘ಹಾಜರು’ ಎಂದೇ ಇದೆ. ಒಟ್ಟು ಇಪ್ಪತ್ತನಾಲ್ಕು ಸುತ್ತು. ನಮ್ಮ ಅಥ್ಲೆಟಿಕ್ಸ್ ಕ್ಲಬ್ಬಿನ ರಿಜಿಸ್ಟರಿನಲ್ಲಿ ಅದೇ ಮೂರು ದಿನ ನನ್ನ ಹೆಸರಿನ ಮುಂದೆ ಸೊನ್ನೆ. ಎರಡೂ ಸುಳ್ಳಲ್ಲ. ಹಾಗೆಂದು ಒಪ್ಪಿಕೊಳ್ಳಲು ನನಗೆ ತುಂಬ ದಿನ ಹಿಡಿಯಿತು.

ಮಳೆಗಾಲ ಮುಗಿದ ಮೇಲೆ ಕ್ಲಬ್ಬಿಗೆ ಹೊಸ ಕೋಚ್ ಬಂದರು. ಬಾಗಲಕೋಟೆ ಕಡೆಯವರು. ಒಂದು ಕಾಲದಲ್ಲಿ ಒಳ್ಳೆಯ ಓಟಗಾರ. ಈಗ ಮಣಿಪಾಲದಲ್ಲಿ ಕಟ್ಟಡವೊಂದರ ಕೆಲಸದ ಮೇಲ್ವಿಚಾರಕ. ಅಲ್ಲಿಯವರೆಗೆ ನಮ್ಮನ್ನೆಲ್ಲ ಒಟ್ಟಿಗೆ ಓಡಿಸುತ್ತಿದ್ದವರು ನಿವೃತ್ತ ಪಿ.ಟಿ. ಮಾಸ್ಟರ್ ಒಬ್ಬರೇ. ಹೊಸಬರು ಬಂದದ್ದೇ ಶನಿವಾರಕ್ಕೆಂದು ಎರಡು ಗುಂಪು ಮಾಡಿದರು. ಜಿಲ್ಲಾ ಕೂಟದ ರಿಲೇಗೆ ನಾಲ್ಕು ಹುಡುಗಿಯರು ಬೇಕಿತ್ತು. ಮೂವರು ಆಗಲೇ ಗಟ್ಟಿಯಾಗಿದ್ದರು. ನಾಲ್ಕನೆಯ ಜಾಗಕ್ಕೆ ನಾನು, ಶಿರ್ವದ ಹುಡುಗಿ ಇಬ್ಬರೂ ಇದ್ದೆವು. ಮೂರು ಶನಿವಾರ ತಪ್ಪಿಸಿದವರನ್ನು ರಿಲೇಗೆ ತೆಗೆದುಕೊಳ್ಳುವುದಿಲ್ಲ ಎಂಬುದು ಕ್ಲಬ್ಬಿನ ಹಳೆಯ ನಿಯಮ.

ಗುಂಪು ಮಾಡಿದ ದಿನ ನನಗೆ ಕಾಲೇಜಿನಲ್ಲಿ ಇಂಟರ್ನಲ್ ಪರೀಕ್ಷೆ. ಸಂಜೆ ವಾಟ್ಸಾಪಿನಲ್ಲಿ ಪಟ್ಟಿಯ ಫೋಟೋ ಬಂತು. ಕೆಲವರ ಹೆಸರಿನ ಮುಂದೆ ‘ಉ’, ಕೆಲವರ ಮುಂದೆ ‘ಮ’. ನನ್ನದು ‘ಉ’. ಕೆಳಗೆ, ‘ಶನಿವಾರ ಬೆಳಿಗ್ಗೆ ಆರಕ್ಕೆ ನಿಮ್ಮ ನಿಮ್ಮ ಗುಂಪಿಗೆ ಬರಬೇಕು.’ ಉ ಉಡುಪಿ, ಮ ಮಣಿಪಾಲ. ಕಾಪು, ಕಾರ್ಕಳ ಎರಡೂ ‘ಕಾ’ದಿಂದ ಶುರುವಾಗುತ್ತವೆ, ಗಲಿಬಿಲಿ ಬೇಡವೆಂದು ಅವನ್ನು ಬಿಟ್ಟಿದ್ದಾರೆ ಎಂದು ಕೂಡ ಯೋಚಿಸಿದೆ. ಎಷ್ಟು ಅಚ್ಚುಕಟ್ಟಿನ ಮನುಷ್ಯ ಎಂದು ಮೆಚ್ಚಿದೆ.

ಮೊದಲ ಶನಿವಾರ ಕಡಿಯಾಳಿಯ ಮನೆಯಿಂದ ನಡೆದು ಉಡುಪಿಯ ಕ್ರೀಡಾಂಗಣಕ್ಕೆ ಹೋದೆ. ಮಾಸ್ಟರು ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು.

“ಎಂತ ಮಾರಾಯ್ತಿ, ನೀನು ಇಲ್ಲಿಯಾ?”

“ಹೌದು ಸರ್.”

“ಓಡು ಹಾಗಾದರೆ.”

ಬಂದವರನ್ನು ವಾಪಸು ಕಳುಹಿಸಿ ಅವರಿಗೆ ಅಭ್ಯಾಸವಿಲ್ಲ. ಎಲ್ಲರ ಸಮಯ ಪುಸ್ತಕದ ಪಟ್ಟಿಯಲ್ಲಿ ಬರೆದುಕೊಂಡರು, ನನ್ನದನ್ನು ಮಾತ್ರ ಕೊನೆಯ ಪುಟದಲ್ಲಿ. ಯಾಕೆಂದು ತಿಳಿಯಲಿಲ್ಲ. ಮನೆಗೆ ಬಂದು ಫೋಟೋ ತೆಗೆದು ನೋಡಿದೆ. ಅಂದು ಓಡಿದ ಉಳಿದ ಹನ್ನೊಂದು ಜನರ ಹೆಸರಿನ ಮುಂದೂ ‘ಮ’ ಇತ್ತು. ಮಣಿಪಾಲದ ಗುಂಪು ಉಡುಪಿಗೆ ಯಾಕೆ ಬಂತು? ಅಲ್ಲಿಯ ಮೈದಾನ ರಿಪೇರಿ ಇರಬಹುದು ಎಂದು ಬರೆದುಕೊಂಡೆ. ಹಾಗಾದರೆ ಉಡುಪಿಯ ಗುಂಪು ಎಲ್ಲಿ ಹೋಯಿತು? ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಎರಡನೆಯ ಶನಿವಾರವೂ ಅದೇ ಹನ್ನೊಂದು ಜನ. ಇನ್ನೊಂದು ಚಿಹ್ನೆ.

ನಡುವೆ ಒಂದು ಸೋಮವಾರ ಶಿರ್ವದ ಹುಡುಗಿ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕಾಲು ತಿಕ್ಕುತ್ತ ಕುಳಿತಿದ್ದಳು.

“ಹೊಯ್ಗೆಯಲ್ಲಿ ಓಡಿ ಓಡಿ ಕಾಲು ಸತ್ತೇ ಹೋಯ್ತು. ನೀನು ಆರಾಮ ಅಲ್ವಾ, ಮಹಾರಾಣಿ?”

“ಎಂತ ಆರಾಮ? ನಾನು ಸಹ ಎಂಟು ಸುತ್ತು ಓಡಿದ್ದು,” ಎಂದೆ.

ಅವಳು ವಿಚಿತ್ರವಾಗಿ ನೋಡಿದಳು. ಹೊಯ್ಗೆ ಎಂದರೆ ನಮ್ಮ ಕಡೆ ಮರಳು; ಅವಳು ಹೇಳಿದ್ದು ಕಾಪುವಿನ ಕಡಲ ದಂಡೆಯದು. ನಾನು ಮತ್ತೆ ಪಟ್ಟಿ ನೋಡಿದೆ. ‘ಹೊ’ ಎಂಬ ಅಕ್ಷರ ಎಲ್ಲಿಯೂ ಇರಲಿಲ್ಲ. ಅವಳು ತನ್ನಷ್ಟಕ್ಕೆ ಹೆಚ್ಚಿನ ಅಭ್ಯಾಸ ಮಾಡುತ್ತಿದ್ದಾಳೆ ಎಂದು ತೀರ್ಮಾನಿಸಿ ಸ್ವಲ್ಪ ಹೆದರಿದೆ.

ಮೂರನೆಯ ಶನಿವಾರ ಕಳೆದು ಬುಧವಾರ ಎಲ್ಲರೂ ಕ್ರೀಡಾಂಗಣದಲ್ಲಿ ಸೇರಿದ್ದಾಗ ಕೋಚ್ ರಿಜಿಸ್ಟರ್ ತೆರೆದರು.

“ಮೂರು ವಾರ ಉಸುಕಿಗೆ ಬಂದಿಲ್ಲ ನೀ. ರಿಲೇದಾಗ ನಿನ್ನ ಹೆಸರಿಲ್ಲ.”

“ಬಂದಿದ್ದೆ ಸರ್.”

“ಎಲ್ಲಿಗೆ?”

“ಇಲ್ಲಿಗೇ. ಉಡುಪಿಗೆ. ಪಟ್ಟಿಯಲ್ಲಿ ಉ ಅಂತ ಉಂಟಲ್ಲ?”

ಅವರು ನನ್ನ ಮುಖವನ್ನೇ ನೋಡಿದರು. “ಉ ಅಂದ್ರ ಉಸುಕು, ಯವ್ವಾ. ಮ ಅಂದ್ರ ಮೈದಾನ. ಉಡುಪಿ ಅಂತ ನಿನಗ್ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಹಿಂದಿನಿಂದ ಮಾಸ್ಟರು ನಕ್ಕರು. “ಹೊಯ್ಗೆಗೆ ಅವರ ಊರಲ್ಲಿ ಉಸುಕು ಹೇಳುವುದು. ಶಾಲೆಯಲ್ಲಿ ಕನ್ನಡ ಕಲಿತದ್ದು ಎಂತಕ್ಕೆ ನೀನು?”

ಉಸುಕು ಎಂಬ ಪದ ನನಗೆ ಗೊತ್ತಿತ್ತು. ಆದರೆ ಅದು ಪುಸ್ತಕದಲ್ಲಿತ್ತು. ಕಾಪುವಿನಲ್ಲಿ ಇರಬಹುದೆಂದು ಹೊಳೆದಿರಲಿಲ್ಲ. ಡೈರಿ ತೆಗೆದು ತೋರಿಸಿದೆ. ಕೋಚ್ ಮೂರು ಪುಟವನ್ನೂ ನಿಧಾನವಾಗಿ ಓದಿದರು. ಮಾಸ್ಟರು ತಮ್ಮ ಪುಸ್ತಕದ ಕೊನೆಯ ಪುಟ ತೋರಿಸಿದರು.

“ಓಡಿದ್ದು ಖರೆ ಐತಿ. ಜಾಗಾ ತಪ್ಪೈತಿ,” ಎಂದರು ಕೋಚ್. “ಈ ಶನಿವಾರ ಕಾಪುಕ್ಕ ಬಾ. ಶಿರ್ವದಾಕಿ ಜೋಡಿ ಓಡು. ಆಮ್ಯಾಲೆ ನೋಡೂಣು.”

ಶನಿವಾರ ಕಾಪುವಿನಲ್ಲಿ ದೀಪಸ್ತಂಭದ ಬಂಡೆಯಿಂದ ದೋಣಿಗಳು ನಿಂತಲ್ಲಿಯವರೆಗೆ ಮೂರು ಸಲ ಓಡಿದೆವು. ಮೊದಲ ಸಲ ಹಿಮ್ಮಡಿ ಹೂತುಹೋಗಿ ನಾಲ್ಕು ಹೆಜ್ಜೆ ಹಿಂದೆ ಬಿದ್ದೆ. ಎರಡನೆಯ ಸಲ ಒಂದು ಹೆಜ್ಜೆ. ಮೂರನೆಯ ಸಲ ನಾನು ಅರ್ಧ ಹೆಜ್ಜೆ ಮುಂದೆ. ಇದರಲ್ಲಿ ಗೆದ್ದವರು ಯಾರು? ಕೋಚ್ ಸಮಯ ಬರೆದುಕೊಂಡು ರಿಜಿಸ್ಟರ್ ಮುಚ್ಚಿದರು. ರಿಲೇಯ ನಾಲ್ವರಿಗೆ ಇನ್ನು ಶನಿವಾರ ಮೈದಾನದಲ್ಲಿ ಬೇಟನ್ ಅಭ್ಯಾಸ, ಉಳಿದವರಿಗೆ ಇದೇ ಜಾಗ, ಹೊಸ ಪಟ್ಟಿ ನೋಡಿ ಎಂದರು. “ಈ ಸಲ ಉಸುಕು ಅಂತ ಬರಿಯೂದಿಲ್ಲ. ಎಲ್ಲಾರಿಗೂ ತಿಳಿಯೂ ಹಂಗ ಮರಳು ಅಂತ ಬರೀತೀನಿ.”

ಭಾನುವಾರ ಪಟ್ಟಿ ಬಂತು. ಅವರು ಎಂದಿನಂತೆ ಮೊದಲ ಅಕ್ಷರವನ್ನಷ್ಟೇ ಬರೆದಿದ್ದರು. ಎಲ್ಲರ ಮುಂದೂ ‘ಮ’. ನನ್ನ ಮುಂದೆ ‘ಮ’, ಶಿರ್ವದ ಹುಡುಗಿಯ ಮುಂದೆ ‘ಮ’. ನಾನು ಅದನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಮೈದಾನ ಮರಳಾಗಲಿಲ್ಲ, ಮರಳು ಮೈದಾನವಾಗಲಿಲ್ಲ. ಊಹಿಸುವುದು ಬೇಡವೆಂದು ಈ ಸಲ ನೇರವಾಗಿ ಫೋನ್ ಮಾಡಿದೆ.

“ಸರ್, ನನ್ನದು ಯಾವ ಮ?”

“ಎರಡೂ ಮ ಆಗ್ಯಾವಲ್ಲ,” ಎಂದು ತಮಗೇ ಹೇಳಿಕೊಂಡರು. ಆಮೇಲೆ, “ನಿಂದು ಮೈದಾನ. ಮಾಸ್ತರ ಬರಕೊಂಡ ಟೈಮ್ ಚಲೋ ಐತಿ. ಆದ್ರ ಮುಂದಿನ ಭಾನುವಾರದಿಂದ ಉಸುಕಿಗೂ ಬಾ. ಮೂರು ದಿನದ್ದು ಬಾಕಿ ಐತಿ.”

ತಪ್ಪು ಜಾಗದಲ್ಲಿ ಓಡಿದ್ದರಿಂದ ಜಾಗ ಹೋಗಿತ್ತು. ತಪ್ಪು ಜಾಗದಲ್ಲಿ ಓಡಿದ್ದರಿಂದಲೇ ವಾಪಸು ಬಂತು. ಇದನ್ನು ಯಾವ ಲೆಕ್ಕದಲ್ಲಿ ಬರೆಯುವುದು ಎಂದು ಪೆನ್ನು ಹಿಡಿದು ಕುಳಿತಿದ್ದಾಗ ಫೋನ್ ಬಂತು. ಶಿರ್ವದ ಹುಡುಗಿ.

“ನಿನಗೆ ಅಕ್ಷರದ ವಿಷಯ ಎಲ್ಲ ಗೊತ್ತುಂಟಲ್ಲ. ನನ್ನ ಮ ಎಂತದ್ದು, ಹೇಳು ಮಾರಾಯ್ತಿ.”

ಅವಳು ನಾಲ್ಕು ವಾರವೂ ಸರಿಯಾದ ಜಾಗದಲ್ಲಿ ಓಡಿದ್ದಳು.

“ಸರ್ ಹತ್ತಿರ ಕೇಳು,” ಎಂದೆ.

“ಹೌದಾ,” ಎಂದಳು ಅವಳು, ಉತ್ತರ ಸಿಕ್ಕಿಬಿಟ್ಟವಳ ಹಾಗೆ. ಆ ದಿನದ ಪುಟದಲ್ಲಿ ನಾನು ಬರೆದದ್ದು ಒಂದೇ ಅಕ್ಷರ, ‘ಮ’. ಅದರ ಮುಂದಿನದು ಇನ್ನೂ ಖಾಲಿ ಉಂಟು.