ಸಾಗವಾನಿ ಮೇಜಿನ ಮೇಲೆ ಅವ್ವನ ಕರ್ಚೀಫು

ಇವತ್ತು ಮಗಳ ಜೊತೆ ಲಂಡನ್ನಿನ ಸಟನ್ನಿನಲ್ಲಿ, ಬಳಸಿದ ಸಾಮಾನು ಮಾರುವ ದೊಡ್ಡ ಚಾರಿಟಿ ಅಂಗಡಿಯ ಬಾಗಿಲು ತಳ್ಳಿದೊಡನೆ ಹಳೆ ಮರದ, ಪಾಲಿಶಿನ ವಾಸನೆ ಮೂಗಿಗೆ ಬಡಿಯಿತು. ನಾನು ಮತ್ತೆ ಎಂಟು ವರ್ಷದವಳಾದೆ.

ಧಾರವಾಡದಿಂದ ಲಂಡನ್ನಿಗೆ ಬಂದ ಹೊಸತು. ಡಾಕ್ಟರ್ ಅಪ್ಪನ ಬಾಡಿಗೆ ಮನೆಯಲ್ಲಿ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಇಂಥದೇ ಅಂಗಡಿಯಲ್ಲಿ ಅವ್ವ ಒಂದೊಂದು ಮೇಜನ್ನೂ ಗಡಿಗೆ ಬಡಿದು ನೋಡುವಂತೆ ಬೆರಳ ಗೆಣ್ಣಿನಿಂದ ಬಡಿದು ನೋಡಿ, ಕೊನೆಗೊಂದು ಸಾಗವಾನಿ ಮೇಜು ಒಪ್ಪಿದಳು. ಅಪ್ಪ ಅಂಗಡಿಯವರನ್ನು ಕರೆತರುವಷ್ಟರಲ್ಲಿ ಬಿಳಿಯ ದಂಪತಿಗಳಿಬ್ಬರು ಅದರತ್ತಲೇ ಬಂದರು. ಅವ್ವ ಸೊಂಟಕ್ಕೆ ಸಿಕ್ಕಿಸಿದ್ದ ಕರ್ಚೀಫು ಎಳೆದು, ಹುಬ್ಬಳ್ಳಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಎಸೆಯುವಂತೆ, ಮೇಜಿನ ಮೇಲೆ ಎಸೆದಳು.

"ಅವ್ವಾ, ಇದು ಬಸ್ ಅಲ್ಲ!" ನಾನು ನಾಚಿಕೆಯಿಂದ ಕುಗ್ಗಿಹೋದೆ.

"ಸುಮ್ನಿರ. ಕರ್ಚೀಫ್ ಹಾಕೇನಿ, ಇನ್ನ ಅದು ನಮ್ದ."

ಆ ಗಂಡಸು ಕರ್ಚೀಫು ನೋಡಿದ, ಅವ್ವನ ಮುಖ ನೋಡಿದ, "ಸಾರಿ" ಎಂದು ಹಿಂದೆ ಸರಿದ. ಅವ್ವ ಕೋಟೆ ಗೆದ್ದವಳ ಹಾಗೆ ನಿಂತಿದ್ದಳು.

ಆ ಮೇಜಿನ ಮೇಲೆ ಉಣ್ಣುತ್ತ, ಅದರ ಕತೆ ಕೇಳುತ್ತಲೇ ಬೆಳೆದವಳು ನನ್ನ ಮಗಳು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಇವತ್ತು ನಾನು ಒಂದು ಪುಸ್ತಕದ ಕಪಾಟಿನ ಬೆಲೆ ಕೇಳಿ ತಿರುಗಿದರೆ, ಅವಳು ಕೊರಳಿನ ಸ್ಕಾರ್ಫು ತೆಗೆದು ಅದರ ಮೇಲೆ ಹಾಸಿ ಕಾವಲು ನಿಂತಿದ್ದಾಳೆ.

"ಅಮ್ಮಾ, ಕರ್ಚೀಫ್ ಹಾಕೇನಿ!"